ಮೀಟರ್ ಹಿಂದಕ್ಕೆ ತಿರುಗಿದರೆ

ಹಳೆಯ ಮನೆಗಳ ಪಡಸಾಲೆಯ ಗೋಡೆಯಲ್ಲಿ ಒಂದು ಕಪ್ಪು ಪೆಟ್ಟಿಗೆ ಇರುತ್ತಿತ್ತು. ಅದರ ಗಾಜಿನ ಕಿಂಡಿಯೊಳಗೆ ಅಲ್ಯೂಮಿನಿಯಮ್ಮಿನ ತೆಳು ತಟ್ಟೆಯೊಂದು ಸದ್ದಿಲ್ಲದೆ ಸುತ್ತುತ್ತಿತ್ತು. ತಟ್ಟೆಯ ಅಂಚಿನಲ್ಲಿ ಒಂದು ಗುರುತು. ಮನೆಯಲ್ಲಿ ಒಂದೇ ದೀಪ ಉರಿಯುತ್ತಿದ್ದರೆ ಆ ಗುರುತು ಒಂದು ಸುತ್ತು ಬರಲು ಬಹಳ ಹೊತ್ತು ಬೇಕು. ಇಸ್ತ್ರಿಪೆಟ್ಟಿಗೆ ಹಾಕಿದೊಡನೆ ಗಿರ್ರನೆ ಓಟ. ಮಕ್ಕಳಿಗೆ ಅದು ಆಟ. ಮನೆಯ ಯಜಮಾನನಿಗೆ ತಿಂಗಳ ಕೊನೆಯ ಚಿಂತೆ.

ಆ ತಟ್ಟೆಯನ್ನು ಯಾರೂ ಕೈಯಿಂದ ತಿರುಗಿಸುವುದಿಲ್ಲ, ಅದಕ್ಕೆ ತಂತಿಯನ್ನೂ ಜೋಡಿಸಿಲ್ಲ. ತಟ್ಟೆಯ ಮೇಲೂ ಕೆಳಗೂ ಎರಡು ಸುರುಳಿಗಳಿರುತ್ತವೆ. ಒಂದು ವೋಲ್ಟೇಜನ್ನೂ ಇನ್ನೊಂದು ಹರಿಯುವ ವಿದ್ಯುತ್ತನ್ನೂ ಗ್ರಹಿಸುತ್ತವೆ. ಎರಡರ ಕಾಂತಕ್ಷೇತ್ರಗಳೂ ಸೇರಿ ಲೋಹದ ತಟ್ಟೆಯಲ್ಲಿ ಸುಳಿ ಪ್ರವಾಹಗಳನ್ನು ಎಬ್ಬಿಸುತ್ತವೆ. ಆ ಸುಳಿಗಳೇ ತಟ್ಟೆಯನ್ನು ನೂಕುತ್ತವೆ. ಬಳಕೆ ಹೆಚ್ಚಿದಷ್ಟೂ ವೇಗ ಹೆಚ್ಚು. ಹಾಗಾದರೆ ಒಂದು ತರಲೆ ಪ್ರಶ್ನೆ: ವಿದ್ಯುತ್ತು ಬೀದಿಯಿಂದ ಮನೆಗೆ ಬರುವ ಬದಲು ಮನೆಯಿಂದ ಬೀದಿಗೆ ಹೋದರೆ? ತಡೆಯಿಲ್ಲದ ಮೀಟರ್ ಆದರೆ ತಟ್ಟೆ ಹಿಂದಕ್ಕೆ ತಿರುಗುತ್ತದೆ. ಯೂನಿಟ್‌ಗಳ ಅಂಕಿ ಏರುವ ಬದಲು ಇಳಿಯುತ್ತದೆ.

ಭೌತವಿಜ್ಞಾನದ ಉತ್ತರ ಇಷ್ಟೇ. ಆದರೆ ಹಿಂದಕ್ಕೆ ತಿರುಗಿದ ಆ ಒಂದು ಸುತ್ತಿಗೆ ಎಷ್ಟು ಬೆಲೆ, ಅದನ್ನು ಯಾರು ಕೊಡಬೇಕು, ಅದಕ್ಕೆ ಅನುಮತಿ ಯಾರದು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಜಗತ್ತಿನ ಸರ್ಕಾರಗಳು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಕಳೆದಿವೆ. ಜಗಳ ಇನ್ನೂ ಮುಗಿದಿಲ್ಲ. ತಾರಸಿಯ ಮೇಲೆ ಸೌರಫಲಕ ಹಾಕಿಸಬೇಕೆಂದಿರುವ ಪ್ರತಿಯೊಂದು ಮನೆಯೂ, ಹಾಕಿಸಲು ತಾರಸಿಯೇ ಇಲ್ಲದ ಪ್ರತಿಯೊಂದು ಮನೆಯೂ ಈ ಜಗಳದಲ್ಲಿ ಪಾಲುದಾರ.

ಒಂದು ಬೀದಿಗೆ ಒಂದೇ ಕಂಬ

ಮಲೆನಾಡಿನ ಎಷ್ಟೋ ಒಂಟಿಮನೆಗಳಲ್ಲಿ ಹಿತ್ತಲಿನ ತೊರೆಗೆ ಪುಟ್ಟ ಟರ್ಬೈನ್ ಇಟ್ಟು ದೀಪ ಹಚ್ಚಿಕೊಂಡವರಿದ್ದಾರೆ. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆ ಬ್ಯಾಂಕ್ ಸಾಲದ ನೆರವಿನಿಂದ ಹಳ್ಳಿಗಳ ಮನೆಮನೆಗೆ ಸೌರದೀಪ ಮುಟ್ಟಿಸಿತು. ಇಂಥ ಮನೆಗಳಿಗೆ ಬೆಲೆ ಗೊತ್ತುಮಾಡುವ ಯಾವ ಆಯೋಗವೂ ಬೇಕಾಗಲಿಲ್ಲ. ತನ್ನ ತೊರೆ, ತನ್ನ ಬಿಸಿಲು, ತನ್ನ ಬ್ಯಾಟರಿ, ತನ್ನ ದೀಪ. ಮನೆಯ ತಂತಿ ಊರಿನ ತಂತಿಗೆ ಸೇರಿದ ಗಳಿಗೆಯಿಂದ ನಿಯಮ ಶುರುವಾಗುತ್ತದೆ. ಏಕೆಂದರೆ ಆ ತಂತಿ ಒಬ್ಬರದಲ್ಲ.

ತಂತಿಯ ವ್ಯವಹಾರಕ್ಕೆ ಒಂದು ವಿಚಿತ್ರ ಗುಣವಿದೆ. ಒಂದು ಬೀದಿಯಲ್ಲಿ ಮೂರು ದಿನಸಿ ಅಂಗಡಿಗಳಿದ್ದರೆ ಪೈಪೋಟಿಯಿಂದ ಗಿರಾಕಿಗೆ ಲಾಭ. ಆದರೆ ಮೂರು ವಿದ್ಯುತ್ ಕಂಪನಿಗಳು ಒಂದೇ ಬೀದಿಯಲ್ಲಿ ಮೂರು ಸಾಲು ಕಂಬ ನೆಟ್ಟರೆ ಖರ್ಚು ಮೂರು ಪಟ್ಟು. ಆದ್ದರಿಂದ ಒಂದು ಊರಿಗೆ ಒಬ್ಬನೇ ಪೂರೈಕೆದಾರ ಸಾಕು ಎಂಬ ತೀರ್ಮಾನಕ್ಕೆ ಎಲ್ಲ ದೇಶಗಳೂ ಬಂದವು. ಒಬ್ಬನೇ ಆದರೆ ಮನಬಂದಂತೆ ದರ ಹಾಕುವುದಿಲ್ಲವೆ? ಅದಕ್ಕೊಂದು ಕಡಿವಾಣ ಬೇಕು. ಅಮೆರಿಕದ ವಿದ್ಯುತ್ ಉದ್ಯಮಿ ಸ್ಯಾಮ್ಯುಯೆಲ್ ಇನ್ಸಲ್ 1898ರಲ್ಲೇ ಈ ಒಪ್ಪಂದವನ್ನು ಸೂಚಿಸಿದ್ದ: ಏಕಸ್ವಾಮ್ಯ ನಮಗಿರಲಿ, ದರ ಗೊತ್ತುಮಾಡುವ ಅಧಿಕಾರ ಸರ್ಕಾರಕ್ಕಿರಲಿ. 1907ರಲ್ಲಿ ವಿಸ್ಕಾನ್ಸಿನ್ ಮತ್ತು ನ್ಯೂಯಾರ್ಕ್ ರಾಜ್ಯಗಳು ಇದಕ್ಕಾಗಿ ಆಯೋಗಗಳನ್ನು ರಚಿಸಿದವು.

ಮೈಸೂರು ಸಂಸ್ಥಾನದಲ್ಲಿ ದಾರಿ ಬೇರೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದಾಗ, 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡಾಗ, ಉತ್ಪಾದಕನೂ ಸರ್ಕಾರವೇ, ದರ ಹಾಕುವವನೂ ಸರ್ಕಾರವೇ. ಈ ಎರಡು ಕೆಲಸಗಳೂ ಬೇರೆಯಾದದ್ದು 1999ರಲ್ಲಿ. ಆ ವರ್ಷ ವಿದ್ಯುತ್ ಮಂಡಳಿ ನಿಗಮವಾಯಿತು. ದರ ನಿರ್ಧಾರಕ್ಕೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಹುಟ್ಟಿತು. 2002ರಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳು ಬಂದವು.

ಎಲ್ಲ ಕಡೆಯೂ ಒಂದು ನಂಬಿಕೆ ಮಾತ್ರ ಸಮಾನವಾಗಿತ್ತು. ವಿದ್ಯುತ್ತು ಹರಿಯುವುದು ಒಂದೇ ದಿಕ್ಕಿಗೆ: ದೊಡ್ಡ ಸ್ಥಾವರದಿಂದ ಸಣ್ಣ ಮನೆಗೆ. ಕೊಡುವವನು ಒಬ್ಬ, ಕೊಳ್ಳುವವರು ಹಲವರು. ನಿಯಮಗಳನ್ನೆಲ್ಲ ಹೆಣೆದದ್ದು ಈ ನಂಬಿಕೆಯ ಮೇಲೆ.

ಕೊಳ್ಳುವವನೇ ಕೊಡುವವನಾದ

ನಂಬಿಕೆ ಅಲುಗಾಡಿದ್ದು 1973ರ ತೈಲ ಬಿಕ್ಕಟ್ಟಿನ ನಂತರ. ಪೆಟ್ರೋಲಿಯಂ ಬೆಲೆ ಗಗನಕ್ಕೇರಿದಾಗ ಅಮೆರಿಕದ ಕಾಂಗ್ರೆಸ್ 1978ರಲ್ಲಿ ಒಂದು ಕಾನೂನು ಮಾಡಿತು. ಸಣ್ಣ ಉತ್ಪಾದಕರು ತಯಾರಿಸಿದ ವಿದ್ಯುತ್ತನ್ನು ದೊಡ್ಡ ಕಂಪನಿಗಳು ಬೇಡ ಎನ್ನುವಂತಿಲ್ಲ, ಕೊಳ್ಳಲೇಬೇಕು. ಬೆಲೆ ಎಷ್ಟು? ಅದೇ ಯೂನಿಟ್ಟನ್ನು ತಾನೇ ತಯಾರಿಸಿದ್ದರೆ ಕಂಪನಿಗೆ ಎಷ್ಟು ಖರ್ಚಾಗುತ್ತಿತ್ತೋ ಅಷ್ಟು. ಉಳಿತಾಯವಾದ ಖರ್ಚೇ ಬೆಲೆ.

1983ರಲ್ಲಿ ಮಿನ್ನೆಸೋಟ ರಾಜ್ಯ ಇನ್ನೂ ಸರಳವಾದ ದಾರಿ ಹಿಡಿಯಿತು. 40 ಕಿಲೋವಾಟ್‌ಗಿಂತ ಸಣ್ಣ ಘಟಕಗಳಿಗೆ ಮೀಟರಿನ ಲೆಕ್ಕವೇ ಸಾಕು. ಒಳಬಂದದ್ದರಲ್ಲಿ ಹೊರಹೋದದ್ದನ್ನು ಕಳೆದು ಉಳಿದದ್ದಕ್ಕೆ ಬಿಲ್ಲು. ಇದೇ 'ನೆಟ್ ಮೀಟರಿಂಗ್'. 1995ರಲ್ಲಿ ಕ್ಯಾಲಿಫೋರ್ನಿಯವೂ ಇದನ್ನು ಕಾನೂನು ಮಾಡಿತು. ಆಗ ಸೌರಫಲಕ ಬಲು ದುಬಾರಿ, ಹಾಕಿಸುವವರು ಬೆರಳೆಣಿಕೆಯ ಉತ್ಸಾಹಿಗಳು. ಯಾರಿಗೂ ಅದರಿಂದ ನಷ್ಟವಾಗುವ ಭಯವಿರಲಿಲ್ಲ.

ಇಂಥ ಗಿರಾಕಿಗೆ ಇಂಗ್ಲಿಷಿನಲ್ಲಿ ಒಂದು ಹೆಸರು ಮೊದಲೇ ಸಿದ್ಧವಿತ್ತು. ಉತ್ಪಾದಕ, ಗ್ರಾಹಕ ಎಂಬರ್ಥದ ಎರಡು ಪದಗಳನ್ನು ಬೆಸೆದು ಲೇಖಕ ಆಲ್ವಿನ್ ಟಾಫ್ಲರ್ 1980ರಲ್ಲಿ 'ಪ್ರೊಸ್ಯೂಮರ್' ಎಂಬ ಪದವನ್ನು ಚಲಾವಣೆಗೆ ತಂದಿದ್ದ. ಆ ಪದ ಭಾರತದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಲ್ಲಿ 2020ರಲ್ಲಿ ಅಧಿಕೃತವಾಗಿ ಬಂದು ಕೂತಿತು.

ಮೂರು ಬಗೆಯ ಲೆಕ್ಕ

ಇನ್ನು ಸ್ವಲ್ಪ ಗಣಿತ. ಎಂಟನೆಯ ತರಗತಿಯ ವಿದ್ಯಾರ್ಥಿ ಅಪ್ಪ ಅಮ್ಮನೊಂದಿಗೆ ಕೂತು ಮಾಡಬಹುದಾದಷ್ಟೇ ಗಣಿತ. ಇಲ್ಲಿನ ದರಗಳು ಲೆಕ್ಕದ ಅನುಕೂಲಕ್ಕೆ ಹಿಡಿದವು.

ಕರ್ನಾಟಕದ ಬಿಸಿಲಿನಲ್ಲಿ ಒಂದು ಕಿಲೋವಾಟ್ ಸೌರಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಒಂದು ಮನೆಯಲ್ಲಿ 3 ಕಿಲೋವಾಟ್ ಫಲಕಗಳಿದ್ದರೆ ತಿಂಗಳಿಗೆ 360 ಯೂನಿಟ್. ಮನೆಯ ಬಳಕೆ 300 ಯೂನಿಟ್ ಎನ್ನಿ. ಮೇಲ್ನೋಟಕ್ಕೆ ಮನೆ ಸ್ವಾವಲಂಬಿ. ಆದರೆ ಹಗಲಿನಲ್ಲಿ ಗಂಡ ಹೆಂಡತಿ ಕಚೇರಿಯಲ್ಲಿ, ಮಕ್ಕಳು ಶಾಲೆಯಲ್ಲಿ. ಫಲಕದ ವಿದ್ಯುತ್ತಿನಲ್ಲಿ ನೇರ ಬಳಕೆಯಾದದ್ದು 120 ಯೂನಿಟ್ ಮಾತ್ರ. ಉಳಿದ 240 ಬೀದಿಗೆ ಹೋಯಿತು. ರಾತ್ರಿಯ ಬಳಕೆಗೆ 180 ಯೂನಿಟ್ ಬೀದಿಯಿಂದ ಬಂತು.

ಮೊದಲನೆಯದು ನೆಟ್ ಮೀಟರಿಂಗ್. ಹೋದದ್ದು 240, ಬಂದದ್ದು 180. ಬಿಲ್ಲು ಕಟ್ಟುವ ಮಾತಿರಲಿ, 60 ಯೂನಿಟ್ಟು ಮನೆಯ ಖಾತೆಯಲ್ಲಿ ಜಮಾ.

ಎರಡನೆಯದು ಗ್ರಾಸ್ ಮೀಟರಿಂಗ್. ಇಲ್ಲಿ ಫಲಕದ 360 ಯೂನಿಟ್ಟೂ ಒಂದು ದರದಲ್ಲಿ ಕಂಪನಿಗೆ ಮಾರಾಟ. ಮನೆಯ 300 ಯೂನಿಟ್ಟೂ ಇನ್ನೊಂದು ದರದಲ್ಲಿ ಖರೀದಿ. ಮಾರುವ ದರ ಮೇಲಿದ್ದರೆ ಮನೆಗೆ ಲಾಭ, ಕೊಳ್ಳುವ ದರ ಮೇಲಿದ್ದರೆ ನಷ್ಟ.

ಮೂರನೆಯದು ನೆಟ್ ಬಿಲ್ಲಿಂಗ್. ಯೂನಿಟ್ಟಿಗೆ ಯೂನಿಟ್ಟು ಕಳೆಯುವಂತಿಲ್ಲ, ರೂಪಾಯಿಗೆ ರೂಪಾಯಿ ಕಳೆಯಬೇಕು. ಕೊಳ್ಳುವ ದರ 6 ರೂಪಾಯಿ, ಮಾರುವ ದರ 3 ರೂಪಾಯಿ ಆದರೆ ಬಂದ 180ಕ್ಕೆ 1,080 ರೂಪಾಯಿ. ಹೋದ 240ಕ್ಕೆ 720 ರೂಪಾಯಿ. ಮನೆ ಕಟ್ಟಬೇಕಾದದ್ದು 360 ರೂಪಾಯಿ.

ಫಲಕ ಅದೇ, ಬಿಸಿಲು ಅದೇ, ಮನೆಯೂ ಅದೇ. ಬದಲಾದದ್ದು ನಿಯಮದ ಒಂದು ಸಾಲು.

ಏಳು ಮನೆಗಳ ಪ್ರಶ್ನೆ

ಹಾಗಾದರೆ ಮೊದಲ ಲೆಕ್ಕವನ್ನೇ ಇಟ್ಟುಕೊಳ್ಳಬಾರದೇಕೆ? ಅದೇ ಬೀದಿಯ ಉಳಿದ ಮನೆಗಳತ್ತ ಒಮ್ಮೆ ನೋಡಬೇಕು.

ಬೀದಿಯಲ್ಲಿ ಹತ್ತು ಮನೆಗಳಿವೆ ಎನ್ನಿ. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್, ಲೈನ್‌ಮನ್ ಸಂಬಳ ಎಲ್ಲ ಸೇರಿ ಆ ಬೀದಿಯ ಪಾಲಿಗೆ ತಿಂಗಳಿಗೆ 2,000 ರೂಪಾಯಿ ಖರ್ಚು. ಈ ಖರ್ಚಿನ ಬಹುಪಾಲನ್ನು ಕಂಪನಿಗಳು ಯೂನಿಟ್ ದರದೊಳಗೇ ಸೇರಿಸಿ ವಸೂಲು ಮಾಡುತ್ತವೆ. ಒಂದೊಂದು ಮನೆಯ ಪಾಲು 200 ರೂಪಾಯಿ. ಮೂರು ಮನೆಗಳು ಫಲಕ ಹಾಕಿಸಿ ಬಿಲ್ಲನ್ನು ಸೊನ್ನೆಗೆ ಇಳಿಸಿಕೊಂಡವು. ಕಂಬದ ಖರ್ಚು ಮಾತ್ರ ಇಳಿಯಲಿಲ್ಲ. ಆ ಮೂರು ಮನೆಗಳೂ ರಾತ್ರಿ ಅದೇ ಕಂಬವನ್ನು ನೆಚ್ಚಿಕೊಂಡಿವೆ. ಈಗ ಉಳಿದ ಏಳು ಮನೆಗಳ ಪಾಲು ಸುಮಾರು 286 ರೂಪಾಯಿ. ದರ ಏರಿತೆಂದು ನಾಲ್ಕನೆಯ ಮನೆಯೂ ಫಲಕ ಹಾಕಿಸಿದರೆ ಉಳಿದ ಆರರ ಹೊರೆ ಇನ್ನೂ ಹೆಚ್ಚು.

ಆ ಉಳಿದ ಮನೆಗಳು ಯಾರವು? ಬಾಡಿಗೆದಾರರು, ಶೀಟಿನ ಮಾಡಿನವರು, ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿದ್ದು ತಾರಸಿಯ ಮೇಲೆ ಹಕ್ಕಿಲ್ಲದವರು, ಪಕ್ಕದ ಕಟ್ಟಡದ ನೆರಳು ಬಿದ್ದವರು, ಒಮ್ಮೆಗೆ ಅಷ್ಟು ದೊಡ್ಡ ಮೊತ್ತ ಹೂಡಲಾಗದವರು. ಬಡವರ ಜೇಬಿನಿಂದ ಉಳ್ಳವರ ತಾರಸಿಗೆ ಹಣ ಹೋಗುತ್ತಿದೆ ಎಂಬುದು ಕಂಪನಿಗಳ ವಾದ. ಗ್ರಾಹಕ ಸಂಘಟನೆಗಳಲ್ಲೂ ಕೆಲವು ಇದನ್ನು ಒಪ್ಪುತ್ತವೆ.

ಫಲಕದವರ ವಾದವೂ ಹುರುಳಿಲ್ಲದ್ದಲ್ಲ. ದೂರದ ಸ್ಥಾವರದಿಂದ ಬರುವ ವಿದ್ಯುತ್ತು ದಾರಿಯಲ್ಲಿ ಸೋರಿ ಹೋಗುತ್ತದೆ. ತಾರಸಿಯದು ಪಕ್ಕದ ಮನೆಯ ಫ್ರಿಜ್ಜಿಗೇ ಸೇರುತ್ತದೆ. ಹೊಸ ಸ್ಥಾವರ, ಹೊಸ ಮಾರ್ಗಗಳ ಖರ್ಚು ಮುಂದಕ್ಕೆ ಹೋಗುತ್ತದೆ. ಕಲ್ಲಿದ್ದಲಿನ ಹೊಗೆ ಅಷ್ಟರಮಟ್ಟಿಗೆ ಕಡಿಮೆ. ಇದಕ್ಕೆಲ್ಲ ಬೆಲೆ ಇಲ್ಲವೆ?

ಎರಡೂ ನಿಜ. ಯಾವುದು ಎಷ್ಟು ನಿಜ ಎಂಬುದು ಊರಿನಿಂದ ಊರಿಗೆ, ಗಂಟೆಯಿಂದ ಗಂಟೆಗೆ ಬದಲಾಗುತ್ತದೆ. ಅದನ್ನು ತೂಗಿ ನೋಡುವುದೇ ನಿಯಂತ್ರಣ ಆಯೋಗದ ಕೆಲಸ.

ಬಾತುಕೋಳಿಯ ಬೆನ್ನು

ಗಂಟೆಯ ಮಾತು ಬಂದದ್ದರಿಂದ ಮತ್ತೆ ಕ್ಯಾಲಿಫೋರ್ನಿಯಕ್ಕೆ ಹೋಗಬೇಕು. ಅಲ್ಲಿನ ವಿದ್ಯುತ್ ಜಾಲದ ನಿರ್ವಾಹಕರು 2013ರಲ್ಲಿ ಒಂದು ನಕ್ಷೆ ಬರೆದರು. ದಿನದ ಒಟ್ಟು ಬೇಡಿಕೆಯಿಂದ ಸೌರ ಮತ್ತು ಗಾಳಿ ವಿದ್ಯುತ್ತನ್ನು ಕಳೆದರೆ ಉಳಿದ ಸ್ಥಾವರಗಳ ಮೇಲೆ ಬೀಳುವ ಹೊರೆ ಎಷ್ಟು ಎಂಬ ರೇಖೆ ಅದು. ಮಧ್ಯಾಹ್ನ ರೇಖೆ ಹೊಟ್ಟೆಯಂತೆ ಕೆಳಗೆ ಜೋತುಬೀಳುತ್ತದೆ. ಸೂರ್ಯ ಮುಳುಗುವ ಹೊತ್ತಿಗೆ ಜನ ಮನೆಗೆ ಬಂದು ದೀಪ, ಏಸಿ, ಒಲೆ ಹಚ್ಚಿದೊಡನೆ ಕತ್ತಿನಂತೆ ನೆಟ್ಟಗೆ ಏರುತ್ತದೆ. ನೋಡಿದವರಿಗೆ ಬಾತುಕೋಳಿ ಕಂಡಿತು, ಅದೇ ಹೆಸರು ನಿಂತಿತು.

ಈ ಬಾತುಕೋಳಿಯ ಪಾಠವೇನು? ಮಧ್ಯಾಹ್ನ 12 ಗಂಟೆಯ ಯೂನಿಟ್ಟೂ ಸಂಜೆ 7 ಗಂಟೆಯ ಯೂನಿಟ್ಟೂ ಒಂದೇ ಬೆಲೆಯವಲ್ಲ. ಸುಗ್ಗಿಯಲ್ಲಿ ಮಾರುಕಟ್ಟೆಗೆ ಸುರಿದ ಟೊಮೆಟೊಗೂ ಮಳೆಗಾಲದಲ್ಲಿ ಸಿಗದ ಟೊಮೆಟೊಗೂ ಇರುವ ವ್ಯತ್ಯಾಸ ಇದು. ನೆಟ್ ಮೀಟರಿಂಗ್ ಇವೆರಡನ್ನೂ ಸಮ ಮಾಡಿ, ಮಧ್ಯಾಹ್ನ ಕೊಟ್ಟದ್ದಕ್ಕೆ ಸಂಜೆ ಅಷ್ಟನ್ನೇ ಹಿಂದಿರುಗಿಸುತ್ತಿತ್ತು.

2022ರ ಡಿಸೆಂಬರ್ 15ರಂದು ಕ್ಯಾಲಿಫೋರ್ನಿಯದ ಆಯೋಗ ಹೊಸ ನಿಯಮ ಹೊರಡಿಸಿತು. 2023ರ ಏಪ್ರಿಲ್ ಮಧ್ಯಭಾಗದ ನಂತರ ಅರ್ಜಿ ಹಾಕಿದವರಿಗೆಲ್ಲ ನೆಟ್ ಬಿಲ್ಲಿಂಗ್. ಬೀದಿಗೆ ಕೊಟ್ಟ ಯೂನಿಟ್ಟಿಗೆ ಸಿಗುವ ಬೆಲೆ ಮೊದಲಿಗಿಂತ ಸುಮಾರು ಮುಕ್ಕಾಲು ಪಾಲು ಇಳಿಯಿತು. ಹೊಸ ಅರ್ಜಿಗಳು ಕುಸಿದವು. ಫಲಕ ಅಳವಡಿಸುವ ಎಷ್ಟೋ ಸಣ್ಣ ಉದ್ದಿಮೆಗಳು ಕಷ್ಟಕ್ಕೆ ಸಿಕ್ಕಿದವು. ಆದರೆ ಇನ್ನೊಂದು ಬದಲಾವಣೆಯೂ ಆಯಿತು. ಮೊದಲು ಫಲಕ ಹಾಕಿಸುವ ಹತ್ತು ಮನೆಗಳಲ್ಲಿ ಒಂದೆರಡು ಮಾತ್ರ ಬ್ಯಾಟರಿ ಕೊಳ್ಳುತ್ತಿದ್ದವು. ಈಗ ಅರ್ಧಕ್ಕಿಂತ ಹೆಚ್ಚು ಮನೆಗಳು ಬ್ಯಾಟರಿಯನ್ನೂ ಜೊತೆಗೇ ಇಡತೊಡಗಿದವು.

ಬ್ಯಾಟರಿ ಲಾಭವೋ ನಷ್ಟವೋ

ಅದೇಕೆಂದು ತಿಳಿಯಲು ಹಿಂದಿನ ಲೆಕ್ಕಕ್ಕೇ ಮರಳೋಣ. ಆ ಮನೆ ದಿನಕ್ಕೆ 5 ಯೂನಿಟ್ಟಿನಂತೆ ತಿಂಗಳಿಗೆ 150 ಯೂನಿಟ್ಟನ್ನು ಬೀದಿಗೆ ಕೊಡದೆ ಬ್ಯಾಟರಿಯಲ್ಲಿ ತುಂಬಿಟ್ಟಿತು ಎನ್ನಿ. ತುಂಬುವಾಗ, ತೆಗೆಯುವಾಗ ನೂರಕ್ಕೆ ಹತ್ತು ಪಾಲು ಸೋರಿ 135 ಯೂನಿಟ್ ಕೈಗೆ ಬಂತು. ಈಗ ಬೀದಿಗೆ ಹೋದದ್ದು 90, ಬೀದಿಯಿಂದ ಬಂದದ್ದು 45. ಕೊಟ್ಟದ್ದಕ್ಕೆ 3 ರೂಪಾಯಿಯಂತೆ 270 ರೂಪಾಯಿ. ಕೊಂಡದ್ದಕ್ಕೆ 6 ರೂಪಾಯಿಯಂತೆ 270 ರೂಪಾಯಿ. ಬಿಲ್ಲು ಸೊನ್ನೆ! ತಿಂಗಳಿಗೆ 360 ರೂಪಾಯಿ, ವರ್ಷಕ್ಕೆ 4,320 ರೂಪಾಯಿ ಉಳಿತಾಯ.

ಬ್ಯಾಟರಿಗೆ ಒಂದು ಲಕ್ಷ ರೂಪಾಯಿ ಆಗಿದ್ದರೆ? ಹಣ ವಾಪಸು ಬರಲು 23 ವರ್ಷ. ಅಷ್ಟು ದಿನ ಬ್ಯಾಟರಿಯೇ ಬಾಳುವುದಿಲ್ಲ.

ಈಗ ಆಯೋಗ ದರಗಳನ್ನು ಬದಲಿಸಿತು ಎನ್ನಿ. ಸಂಜೆ ಮತ್ತು ರಾತ್ರಿ ಕೊಳ್ಳುವ ದರ 9 ರೂಪಾಯಿ, ಮಧ್ಯಾಹ್ನ ಮಾರುವ ದರ 2 ರೂಪಾಯಿ. ಬ್ಯಾಟರಿ ಇಲ್ಲದಿದ್ದರೆ ಮನೆಯ ಬಿಲ್ಲು 1,140 ರೂಪಾಯಿ. ಇದ್ದರೆ 225 ರೂಪಾಯಿ. ವರ್ಷದ ಉಳಿತಾಯ 10,980 ರೂಪಾಯಿ. ಒಂಬತ್ತು ವರ್ಷ ಚಿಲ್ಲರೆಯಲ್ಲಿ ಬ್ಯಾಟರಿಯ ಅಸಲು ಕೈಸೇರುತ್ತದೆ. ಲಿಥಿಯಂ ಬ್ಯಾಟರಿ ಅಷ್ಟು ಕಾಲ ಬಾಳಬಲ್ಲದು. ಬ್ಯಾಟರಿಯ ರಸಾಯನ ಶಾಸ್ತ್ರ ಎಳ್ಳಷ್ಟೂ ಬದಲಾಗಲಿಲ್ಲ; ಕೊಳ್ಳುವ ಮತ್ತು ಮಾರುವ ದರಗಳ ನಡುವಿನ ಅಂತರ ಬದಲಾಯಿತು.

ವಿದ್ಯುತ್ತನ್ನು ಕೂಡಿಡುವುದು ಕನ್ನಡದ ಮನೆಗಳಿಗೆ ಹೊಸತೇನೂ ಅಲ್ಲ. ಲೋಡ್‌ಶೆಡ್ಡಿಂಗ್ ದಿನಗಳಿಂದ ಮೆಟ್ಟಿಲ ಕೆಳಗೆ ಕೂತ ಯುಪಿಎಸ್, ಅದರ ಪಕ್ಕದ ಸೀಸದ ಬ್ಯಾಟರಿ, ಅದಕ್ಕೆ ಹಾಕುವ ಡಿಸ್ಟಿಲ್ಡ್ ವಾಟರ್ ಎಲ್ಲರಿಗೂ ಗೊತ್ತು. ಅದು ಆಪತ್ತಿಗೆ ಇಟ್ಟ ಗಂಟು. ಹೊಸ ಬ್ಯಾಟರಿ ದಿನನಿತ್ಯ ದುಡಿಯುವ ಬಂಡವಾಳ. ಒಂದು ಮನೆಯದು ಸಣ್ಣದಾದರೂ ಸಾವಿರಾರು ಮನೆಗಳದು ಕೂಡಿದರೆ ಅದೇ ಒಂದು ವಿದ್ಯುತ್ ಸ್ಥಾವರ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಅಲ್ಲಿನ ವಿದ್ಯುತ್ ಕಂಪನಿಯೇ ಗಿರಾಕಿಗಳ ಮನೆಯಲ್ಲಿ ಬ್ಯಾಟರಿ ಇಡತೊಡಗಿತು. ಕರೆಂಟು ಹೋದಾಗ ಅದು ಮನೆಗೆ. ಊರಿಗೆಲ್ಲ ಬೇಡಿಕೆ ಏರಿದ ಸಂಜೆ ಅದೇ ಬ್ಯಾಟರಿಯಿಂದ ಕಂಪನಿ ವಿದ್ಯುತ್ತನ್ನು ಹಿಂಪಡೆಯುತ್ತದೆ. ಎಷ್ಟು ಹಿಂಪಡೆಯಬಹುದು, ಬಿರುಗಾಳಿಯ ಮುನ್ಸೂಚನೆ ಇದ್ದ ದಿನ ಮುಟ್ಟಬಾರದೆ, ಮನೆಯವರಿಗೆ ಪ್ರತಿಫಲವೇನು? ಈ ಪ್ರಶ್ನೆಗಳೂ ಈಗ ಆಯೋಗಗಳ ಮೇಜಿಗೆ ಬಂದಿವೆ.

ಕರೆಂಟು ಹೋದರೆ ಫಲಕವೂ ಆಫ್

ಫಲಕ ಹಾಕಿಸಿದ ಹೊಸತರಲ್ಲಿ ಎಷ್ಟೋ ಮನೆಗಳವರು ಬೇಸರಪಡುವ ಸಂಗತಿಯೊಂದಿದೆ. ಮಟಮಟ ಮಧ್ಯಾಹ್ನ, ಸುಡುಬಿಸಿಲು. ಬೀದಿಯಲ್ಲಿ ಕರೆಂಟು ಹೋಯಿತು. ಬ್ಯಾಟರಿ ಇಲ್ಲದ ಸೌರಮನೆಯಲ್ಲೂ ಫ್ಯಾನು ನಿಂತಿತು! ಇದು ಕೆಟ್ಟುಹೋದದ್ದಲ್ಲ, ಬೇಕೆಂದೇ ಹಾಗೆ ಮಾಡಿರುವುದು.

ದುರಸ್ತಿಗೆಂದು ಲೈನ್‌ಮನ್ ಒಬ್ಬ ಕಂಬ ಹತ್ತಿದ್ದಾನೆ. ಉಪಕೇಂದ್ರದಲ್ಲಿ ಸ್ವಿಚ್ ಆರಿಸಿದೆ, ತಂತಿ ಸತ್ತಿದೆ ಎಂಬ ನಂಬಿಕೆಯಲ್ಲಿ ಅವನ ಕೈ ತಂತಿಯ ಮೇಲಿದೆ. ಅದೇ ಹೊತ್ತಿಗೆ ಬೀದಿಯ ಮೂರು ತಾರಸಿಗಳು ಆ ತಂತಿಗೆ ವಿದ್ಯುತ್ತು ತಳ್ಳುತ್ತಿದ್ದರೆ? ಅದಕ್ಕಾಗಿಯೇ ಫಲಕದ ಜೊತೆಗಿರುವ ಇನ್ವರ್ಟರ್ ಬೀದಿಯ ವೋಲ್ಟೇಜನ್ನೂ ಸೆಕೆಂಡಿಗೆ 50 ಆವರ್ತನೆಗಳ ಮಿಡಿತವನ್ನೂ ಸದಾ ಗಮನಿಸುತ್ತಿರುತ್ತದೆ. ಮಿಡಿತ ನಿಂತೊಡನೆ ತಾನೂ ನಿಲ್ಲುತ್ತದೆ. ಈ ಗುಣವಿಲ್ಲದ ಇನ್ವರ್ಟರನ್ನು ಜಾಲಕ್ಕೆ ಜೋಡಿಸಲು ಅನುಮತಿ ಇಲ್ಲ. ಅರ್ಜಿ, ತಪಾಸಣೆ, ಪ್ರಮಾಣಪತ್ರ ಎಂದಾಗ ಇದೆಲ್ಲ ಕಚೇರಿಯ ಕಾಟ ಎಂದು ಗೊಣಗುವುದು ಸಹಜ. ಅದರಲ್ಲಿ ಕೆಲವು ನಿಜಕ್ಕೂ ಕಾಟವೇ. ಆದರೆ ಕೆಲವು ಒಬ್ಬ ಲೈನ್‌ಮನ್ ಸಂಜೆ ಮನೆಗೆ ಮರಳಲೆಂದು ಬರೆದವು.

ಜಾಲದ ಒಟ್ಟು ಸ್ವಾಸ್ಥ್ಯವೂ ಇಂಥದೇ ವಿಷಯ. ಆಸ್ಟ್ರೇಲಿಯದಲ್ಲಿ ಮೂರು ಮನೆಗಳಿಗೆ ಒಂದರಂತೆ ತಾರಸಿಯಲ್ಲಿ ಫಲಕಗಳಿವೆ. ದಕ್ಷಿಣ ಆಸ್ಟ್ರೇಲಿಯ ರಾಜ್ಯದಲ್ಲಿ 2020ರ ಅಕ್ಟೋಬರಿನ ಒಂದು ಮಧ್ಯಾಹ್ನ ಇಡೀ ರಾಜ್ಯದ ಬೇಡಿಕೆಗೆ ಸಮನಾದಷ್ಟು ವಿದ್ಯುತ್ತು ಸೂರ್ಯನಿಂದಲೇ ಬಂತು. ತೂಕ ತಪ್ಪಿದರೆ ಜಾಲವೇ ಕುಸಿಯಬಹುದು. ಆದ್ದರಿಂದ ಹೊಸ ತಾರಸಿ ಘಟಕಗಳನ್ನು ತುರ್ತಿನಲ್ಲಿ ದೂರದಿಂದಲೇ ಆರಿಸುವಂತಿರಬೇಕು ಎಂದು ಆ ರಾಜ್ಯ 2020ರ ಸೆಪ್ಟೆಂಬರಿನಲ್ಲೇ ನಿಯಮ ಮಾಡಿತ್ತು. 2021ರ ಮಾರ್ಚಿನಲ್ಲಿ ಅದು ಮೊದಲ ಬಾರಿ ಬಳಕೆಗೂ ಬಂತು. ತನ್ನ ಹಣದ ಫಲಕ, ತನ್ನ ತಾರಸಿ. ಸ್ವಿಚ್ ಮಾತ್ರ ಇನ್ನೊಬ್ಬರ ಕೈಯಲ್ಲಿ. ಇದು ಸರಿಯೆ? ಮನೆಯ ಊಟದ ಹೊತ್ತಿನ ಚರ್ಚೆಗೆ ಒಳ್ಳೆಯ ವಿಷಯ.

ಮಾತು ಮುರಿದರೆ ಏನಾಗುತ್ತದೆ

ನಿಯಮ ಬದಲಾಗುವುದು ತಪ್ಪಲ್ಲ. ಆದರೆ ಯಾರಿಗೆ, ಯಾವಾಗಿನಿಂದ ಎಂಬುದು ಮುಖ್ಯ. ಇದಕ್ಕೆ ನೆವಾಡಾ ರಾಜ್ಯದ ಕಥೆ ಸಾಕ್ಷಿ. 2015ರ ಡಿಸೆಂಬರಿನಲ್ಲಿ ಅಲ್ಲಿನ ಆಯೋಗ ಸೌರಮನೆಗಳು ಕೊಟ್ಟ ಯೂನಿಟ್ಟಿನ ಬೆಲೆಯನ್ನು ಇಳಿಸಿತು. ಲಾಸ್ ವೇಗಸ್ ಸೀಮೆಯಲ್ಲಿ ಆ ಮನೆಗಳ ತಿಂಗಳ ನಿಗದಿತ ಶುಲ್ಕ 12.75 ಡಾಲರಿನಿಂದ ಹಂತಹಂತವಾಗಿ 38.51 ಡಾಲರಿಗೆ ಏರಬೇಕೆಂದಿತು. ಹೊಸಬರಿಗೆ ಮಾತ್ರವಲ್ಲ, ಈಗಾಗಲೇ ಫಲಕ ಹಾಕಿಸಿದವರಿಗೂ! ಇಪ್ಪತ್ತು ವರ್ಷದ ಲೆಕ್ಕ ಹಾಕಿ ಸಾಲ ಮಾಡಿದವರು, ನಿವೃತ್ತಿಯ ಹಣ ಸುರಿದವರು ಬೀದಿಗಿಳಿದರು. ಫಲಕದ ಕಂಪನಿಗಳು ರಾಜ್ಯದಿಂದ ಕಾಲ್ತೆಗೆದವು. ಕೊನೆಗೆ 2016ರ ಸೆಪ್ಟೆಂಬರಿನಲ್ಲಿ ಸುಮಾರು 32,000 ಹಳೆಯ ಗಿರಾಕಿಗಳಿಗೆ ಇಪ್ಪತ್ತು ವರ್ಷಗಳ ಮಟ್ಟಿಗೆ ಮೊದಲಿನ ದರವನ್ನೇ ಮರಳಿ ಕೊಡಬೇಕಾಯಿತು. 2017ರಲ್ಲಿ ಹೊಸ ಕಾನೂನು ಬಂದು, ಹೊಸಬರಿಗೂ ಆರಂಭದಲ್ಲಿ ಯೂನಿಟ್ ದರದ ಶೇಕಡಾ 95ರಷ್ಟು ಬೆಲೆ ಗೊತ್ತಾಯಿತು. ಕ್ಯಾಲಿಫೋರ್ನಿಯದ ಆಯೋಗ 2022ರಲ್ಲಿ ಹಳೆಯ ಗಿರಾಕಿಗಳ ತಂಟೆಗೆ ಹೋಗದೆ, ಅವರಿಗೆ ಮೊದಲೇ ಹೇಳಿದ್ದ ಇಪ್ಪತ್ತು ವರ್ಷಗಳ ಅವಧಿಯನ್ನು ಉಳಿಸಿತು.

ಕರ್ನಾಟಕದ ದಾರಿಯಲ್ಲೂ ಏರಿಳಿತಗಳಿವೆ. 2013ರ ಅಕ್ಟೋಬರಿನಲ್ಲಿ ರಾಜ್ಯದ ಆಯೋಗ ಸಬ್ಸಿಡಿ ಪಡೆಯದ ತಾರಸಿ ಘಟಕದ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ದರ ಗೊತ್ತುಮಾಡಿತು. ಆಗ ಫಲಕ ದುಬಾರಿ, ಆ ದರವೂ ಆಕರ್ಷಕ. ಫಲಕಗಳ ಬೆಲೆ ಇಳಿದಂತೆ 2016ರಲ್ಲಿ ದರವೂ ಇಳಿಯಿತು. ಕೇಂದ್ರದ 2020ರ ನಿಯಮಗಳು ನೆಟ್ ಮೀಟರಿಂಗನ್ನು 10 ಕಿಲೋವಾಟಿಗೆ ಮಿತಗೊಳಿಸಿದಾಗ ಆಕ್ಷೇಪಗಳ ಸುರಿಮಳೆಯಾಯಿತು. 2021ರ ಜೂನಿನಲ್ಲಿ ಮಿತಿಯನ್ನು 500 ಕಿಲೋವಾಟಿಗೆ ಅಥವಾ ಮಂಜೂರಾದ ಲೋಡಿಗೆ, ಯಾವುದು ಕಡಿಮೆಯೋ ಅಲ್ಲಿಗೆ ಏರಿಸಲಾಯಿತು. 2023ರ ತಿದ್ದುಪಡಿ ಹಗಲಿಗೊಂದು, ಸಂಜೆಗೊಂದು ದರದ ತತ್ವವನ್ನು ತಂದಿತು. 2024ರ ಫೆಬ್ರುವರಿಯಲ್ಲಿ 10 ಕಿಲೋವಾಟ್ ವರೆಗಿನ ಘಟಕಗಳಿಗೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆಯೇ ಬೇಡ ಎಂದಾಯಿತು. ಅದೇ ತಿಂಗಳು ಒಂದು ಕೋಟಿ ಮನೆಗಳ ಗುರಿ ಇಟ್ಟುಕೊಂಡ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ ಆರಂಭವಾಯಿತು. 3 ಕಿಲೋವಾಟ್ ಅಥವಾ ಅದಕ್ಕೂ ಹೆಚ್ಚಿನ ಘಟಕಕ್ಕೆ ಅದರಲ್ಲಿ 78,000 ರೂಪಾಯಿ ಸಬ್ಸಿಡಿ.

ಇದರ ನಡುವೆ 2023ರ ಜುಲೈನಲ್ಲಿ ರಾಜ್ಯದಲ್ಲಿ ಗೃಹಜ್ಯೋತಿ ಯೋಜನೆ ಬಂದು, 200 ಯೂನಿಟ್ ಮಿತಿಯೊಳಗಿನ ಮನೆಬಳಕೆಗೆ ಬಿಲ್ಲಿಲ್ಲದಂತಾಯಿತು. ಬಿಲ್ಲೇ ಇಲ್ಲದ ಮನೆಗೆ ಫಲಕದಿಂದ ಉಳಿತಾಯವೇನು? ಒಂದು ಕೈ ಸೌರಫಲಕಕ್ಕೆ ಕರೆದರೆ ಇನ್ನೊಂದು ಕೈ ಬೇಡ ಎಂದಂತೆ. ಬಡವರ ಮನೆಯ ಬೆಳಕಿಗೆ ನೆರವಾಗುವುದು ಒಂದು ಗುರಿ, ತಾರಸಿಗಳನ್ನು ದುಡಿಸುವುದು ಇನ್ನೊಂದು. ಎರಡೂ ಒಳ್ಳೆಯ ಗುರಿಗಳೇ. ಎರಡನ್ನೂ ಒಂದೇ ಬಿಲ್ಲಿನಲ್ಲಿ ಹೊಂದಿಸುವುದು ಸುಲಭವಲ್ಲ.

ಕುರ್ಚಿ ಖಾಲಿ ಇದೆ

ಈ ದರಗಳೆಲ್ಲ ಮುಚ್ಚಿದ ಕೋಣೆಯಲ್ಲಿ ಹುಟ್ಟುವುದಿಲ್ಲ ಎಂಬುದು ಬಹಳ ಜನರಿಗೆ ತಿಳಿಯದ ಸಂಗತಿ. ಕಂಪನಿಗಳು ದರಪರಿಷ್ಕರಣೆ ಕೇಳಿದಾಗ ಆ ಅರ್ಜಿಯನ್ನು ಪ್ರಕಟಿಸಬೇಕು. ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಆಯೋಗ ಪರಿಗಣಿಸಬೇಕು. 2003ರ ವಿದ್ಯುಚ್ಛಕ್ತಿ ಕಾಯ್ದೆಯೇ ಹೀಗೆ ಹೇಳುತ್ತದೆ. ಅದರಂತೆ ಬಹಿರಂಗ ವಿಚಾರಣೆಗಳೂ ನಡೆಯುತ್ತವೆ. ಕೈಗಾರಿಕೆಗಳವರು ವಕೀಲರೊಂದಿಗೆ ಬರುತ್ತಾರೆ. ಫಲಕದ ಉದ್ದಿಮೆಯವರು ಅಂಕಿ ಅಂಶಗಳೊಂದಿಗೆ ಬರುತ್ತಾರೆ. ಶೀಟಿನ ಮಾಡಿನವರು, ಬಾಡಿಗೆಮನೆಯವರು ಬರುವುದು ಅಪರೂಪ. ಅವರ ಕುರ್ಚಿ ಸಾಮಾನ್ಯವಾಗಿ ಖಾಲಿ.

ಈ ವಾರ ಮಕ್ಕಳು ಮಾಡಬಹುದಾದ ಒಂದು ಕೆಲಸವಿದೆ. ಮನೆಯ ವಿದ್ಯುತ್ ಬಿಲ್ಲನ್ನು ಮುಂದಿಟ್ಟುಕೊಂಡು ಅದರಲ್ಲಿ ನಿಗದಿತ ಶುಲ್ಕ ಎಷ್ಟು, ಯೂನಿಟ್ ಶುಲ್ಕ ಎಷ್ಟು ಎಂದು ಬೇರೆ ಬೇರೆ ಬರೆಯಿರಿ. ಬೆಳಗ್ಗೆ ಶಾಲೆಗೆ ಹೋಗುವ ಮುನ್ನ ಒಮ್ಮೆ, ಸಂಜೆ ದೀಪ ಹಚ್ಚುವ ಮುನ್ನ ಒಮ್ಮೆ, ಮಲಗುವಾಗ ಒಮ್ಮೆ ಮೀಟರಿನ ಅಂಕಿ ಗುರುತಿಸಿ. ವಾರದ ಕೊನೆಗೆ ಮನೆಯ ಬಳಕೆಯಲ್ಲಿ ಹಗಲಿನದೆಷ್ಟು, ರಾತ್ರಿಯದೆಷ್ಟು ಎಂದು ತಿಳಿಯುತ್ತದೆ. ಪಕ್ಕದಲ್ಲಿ ಸೌರಮನೆ ಇದ್ದರೆ ಅವರ ಮೀಟರಿನಲ್ಲಿ ಬಂದದ್ದು, ಹೋದದ್ದು ಎರಡೂ ಅಂಕಿ ಇರುತ್ತವೆ, ಕೇಳಿ ನೋಡಿ. ಫಲಕ ಎಷ್ಟು ದೊಡ್ಡದಿರಬೇಕು, ಬ್ಯಾಟರಿ ಬೇಕೇ ಬೇಡವೇ ಎಂಬ ತೀರ್ಮಾನಕ್ಕೆ ಮಾರಾಟಗಾರನ ಬಣ್ಣದ ಕಾಗದಕ್ಕಿಂತ ಈ ಹಾಳೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅಲ್ಯೂಮಿನಿಯಮ್ಮಿನ ತಟ್ಟೆ ಇದ್ದ ಜಾಗದಲ್ಲಿ ಈಗ ಮಿನುಗುವ ಅಂಕಿಗಳಿವೆ. ಅದು ಮುಂದಕ್ಕೆ ಎಣಿಸುವುದನ್ನೂ ಹಿಂದಕ್ಕೆ ಕೊಡುವುದನ್ನೂ ಬೇರೆ ಬೇರೆಯಾಗಿ ಬರೆದಿಡಬಲ್ಲದು. ಆ ಎರಡು ಅಂಕಿಗಳ ನಡುವಿನ ನ್ಯಾಯ ಯಾವುದೆಂದು ಹೇಳುವುದು ಮಾತ್ರ ಮೀಟರಿನ ಕೆಲಸವಲ್ಲ. ಅದನ್ನು ಮೂರು ಮನೆಗಳೂ ಏಳು ಮನೆಗಳೂ ಒಂದೇ ಕಡೆ ಕೂತು ಹೇಳಬೇಕು.